ಇಬ್ಬರ ಬಿಸಿ

ಏರ್ ಕಂಡಿಷನರ್ ಬಿಸಿಯನ್ನು ಇಲ್ಲವಾಗಿಸುವುದಿಲ್ಲ, ಮನೆಯೊಳಗಿನದನ್ನು ಬೀದಿಗೆ ದಬ್ಬುತ್ತದೆ. ಇದು ಶಾಲೆಯ ಮಕ್ಕಳಿಗೂ ಗೊತ್ತಿದ್ದ ವಿಷಯ. ಆದರೂ ಕಲಬುರಗಿಯ ಒಂದು ಇಕ್ಕಟ್ಟಿನ ಓಣಿಯಲ್ಲಿ, ಎರಡೂ ಬದಿಯ ಯಂತ್ರಗಳು ಒಂದರ ಮುಖಕ್ಕೊಂದು ಬಿಸಿ ಉಗುಳುತ್ತಿದ್ದಾಗ, ಒಂದೇ ಮಧ್ಯಾಹ್ನ ಹನ್ನೊಂದು ಜನ ಸತ್ತ ಮೇಲೆಯೇ ಕಾನೂನು ಬಂತು. ಸತ್ತವರಲ್ಲಿ ಯಾರ ಮನೆಯಲ್ಲೂ ಏಸಿ ಇರಲಿಲ್ಲ.

ಆಮೇಲೆ ಬಿಸಿಗೂ ಮಿತಿ ಬಂತು. ಒಂದು ಮನೆ ಇಷ್ಟೇ ಬಿಸಿಯನ್ನು ಹೊರಗೆ ಬಿಡಬಹುದು ಎಂದಾಯಿತು. ಊರಿನ ಎತ್ತರದ ಕಂಬಗಳ ಮೇಲೆ ಕೂತ ತಾಪ ಕ್ಯಾಮೆರಾಗಳು ಪ್ರತಿ ಛಾವಣಿ, ಪ್ರತಿ ಕಿಟಕಿಯನ್ನು ನಿಮಿಷಕ್ಕೊಮ್ಮೆ ನೋಡತೊಡಗಿದವು. ಬೇಸಿಗೆಯಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಕಾಗದದಲ್ಲಿ ಅದಕ್ಕೆ ತಾಪವಿರಾಮ ಎಂದು ಹೆಸರು. ಜನ ಹನ್ನೊಂದರ ಬಂದ್ ಎನ್ನುತ್ತಿದ್ದರು.

ಪ್ರಭುಲಿಂಗನ ಕೆಲಸ ಕಲಬುರಗಿಯಲ್ಲೇ, ಈ ಕ್ಯಾಮೆರಾಗಳ ನಕ್ಷೆ ನೋಡುವ ಕೊಠಡಿಯಲ್ಲಿ. ಗೋಡೆಯ ತುಂಬ ಒಂದು ಪರದೆ. ಅದರಲ್ಲಿ ಊರು ಮನೆಗೊಂದು ಚುಕ್ಕೆಯಾಗಿ ಕಾಣುತ್ತಿತ್ತು. ಮಿತಿಯೊಳಗಿದ್ದರೆ ನೀಲಿ, ಅಂಚಿಗೆ ಬಂದರೆ ಹಳದಿ, ಮೀರಿದರೆ ಕಿತ್ತಳೆ. ಅವನ ಪಾಳಿ ಬೆಳಿಗ್ಗೆ ಐದರಿಂದ ಹತ್ತೂವರೆ. ಇಂದಿನ ನಕ್ಷೆಯಿಂದ ನಿನ್ನೆಯದನ್ನು ಕಳೆಯುವುದು, ಏನು ಉಳಿಯುತ್ತದೋ ಅದನ್ನು ವಿಚಾರಿಸುವುದು. ಇಷ್ಟೇ ವಿದ್ಯೆ. ಒಂದು ಮನೆ ಎರಡು ಡಿಗ್ರಿ ಹೆಚ್ಚಾಗಿದೆ ಎಂದರೆ ಮದುವೆಯ ಒಲೆ ಹೂಡಿದ್ದಾರೆ, ಇಲ್ಲವೇ ಕದ್ದು ಏಸಿ ಹಾಕಿದ್ದಾರೆ. ಒಂದು ಮನೆ ತಣ್ಣಗಾಗಿದೆ ಎಂದರೆ ಊರಿಗೆ ಹೋಗಿದ್ದಾರೆ, ಇಲ್ಲವೇ ಯಾರೋ ಸತ್ತಿದ್ದಾರೆ. ಜನ ಫೋನಿನಲ್ಲಿ ಏನು ಹೇಳಿದರೂ ಅವನು ನಂಬುತ್ತಿರಲಿಲ್ಲ. ಚುಕ್ಕೆಯನ್ನು ನಂಬುತ್ತಿದ್ದ. ಏಳು ವರ್ಷದಲ್ಲಿ ಚುಕ್ಕೆ ಅವನಿಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಹತ್ತೂವರೆಗೆ ಬಂಡೆಪ್ಪ ಬರುತ್ತಿದ್ದ. ಮಧ್ಯಾಹ್ನದ ಪಾಳಿ ಅವನದು. ಕುರ್ಚಿ ಬಿಟ್ಟುಕೊಟ್ಟು ಪ್ರಭುಲಿಂಗ ಹನ್ನೊಂದರೊಳಗೆ ಕೋಣೆ ಸೇರಬೇಕು.

ಅವನಿದ್ದ ಶಹಾಬಾದ್ ಕಲ್ಲಿನ ಹಳೆಯ ಮನೆಯಲ್ಲಿ ಕೆಳಗೆ ಮನೆಯೊಡತಿ ಸೋನಾಬಾಯಿ, ಮೇಲೆ ಬಾಡಿಗೆಗೆ ಅವನು. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಬೆಳೆದವನು. ಅಲ್ಲಿ ನಲವತ್ತು ಜನರ ನಡುವೆ ಮಲಗಿ ಅಭ್ಯಾಸವಾಗಿದ್ದವನಿಗೆ ಒಂಟಿ ಕೋಣೆ ಮೊದಲ ವರ್ಷ ಸುಖವೆನಿಸಿತು. ಆಮೇಲೆ ಏನೂ ಅನಿಸಲಿಲ್ಲ. ಅಕ್ಕ ಸೋಲಾಪುರದಲ್ಲಿದ್ದಳು, ಹಬ್ಬಕ್ಕೆ ಫೋನು ಮಾಡುತ್ತಿದ್ದಳು. ಅವನ ಪಾಳಿಯ ಹೊತ್ತು ಬೇರೆಯವರು ಹೊರಗೆ ಓಡಾಡುವ ಹೊತ್ತು, ಅವನ ಬಿಡುವಿನ ಹೊತ್ತಿನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿರುತ್ತಿತ್ತು. ಹೀಗೆ ಒಬ್ಬ ಮನುಷ್ಯ ಯಾರ ಮೇಲೂ ಸಿಟ್ಟಿಲ್ಲದೆ ಒಂಟಿಯಾಗುವುದು ಕಷ್ಟದ ಕೆಲಸವಲ್ಲ.

ಬಂದ್‌ನ ಆರು ಗಂಟೆ ಅವನು ಕಣಿವೆಯಲ್ಲಿರುತ್ತಿದ್ದ.

ಕಣಿವೆ ಒಂದು ಆಟ. ಯಾವುದೋ ಕಾಲೇಜಿನ ಹುಡುಗ ಹುಡುಗಿಯರು ಹತ್ತು ವರ್ಷದ ಹಿಂದೆ ಮಾಡಿ ಬಿಟ್ಟದ್ದು. ಅದಕ್ಕೆ ಕಂಪನಿಯಿಲ್ಲ, ನಡುವೆ ಒಂದು ದೊಡ್ಡ ಯಂತ್ರವಿಲ್ಲ. ಆಡುವವರ ಯಂತ್ರಗಳೇ ಕಣಿವೆಯನ್ನು ತುಂಡು ತುಂಡಾಗಿ ಹೊರುತ್ತವೆ. ಒಬ್ಬನ ಲ್ಯಾಪ್‌ಟಾಪಿನಲ್ಲಿ ನದಿ, ಇನ್ನೊಬ್ಬಳದರಲ್ಲಿ ಕಾಡು. ಯಾರಾದರೂ ಬಿಟ್ಟು ಹೋದರೆ ಅವರ ತುಂಡನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಮೊದಲು ಸಾವಿರಾರು ಜನವಿದ್ದರು. ಆಮೇಲೆ ನೂರು, ಆಮೇಲೆ ಹತ್ತು. ಹೋದವರ ಜಾಗ ಬಣಗುಡಬಾರದೆಂದು ಆಟ ಕೆಲವರ ನೆರಳನ್ನು ಉಳಿಸಿಕೊಳ್ಳುತ್ತಿತ್ತು. ಅವರು ಹೇಗೆ ನಡೆಯುತ್ತಿದ್ದರು, ಏನು ಮಾತಾಡುತ್ತಿದ್ದರು ಎಂಬುದನ್ನು ಕಲಿತು, ಅವರಿಲ್ಲದಿದ್ದರೂ ಅವರ ಹಾಗೆ ನಡೆದು ಮಾತಾಡುವ ಬೊಂಬೆ. ಕಡೆಯ ವರ್ಷಗಳಲ್ಲಿ ಎದುರಿಗೆ ಬಂದವರು ಮನುಷ್ಯರೋ ನೆರಳೋ ಎಂದು ಕೇಳುವುದೇ ಕಣಿವೆಯ ದೊಡ್ಡ ತಮಾಷೆಯಾಗಿತ್ತು.

ಈ ವರ್ಷ ಮಾರ್ಚ್‌ನಲ್ಲಿ ಮೂರನೆಯವನೂ ಹೋದ. ಉಳಿದವರು ಇಬ್ಬರು. ಪ್ರಭುಲಿಂಗನ ಹೆಸರು ಅಲ್ಲಿ ಫರಸಿ, ಅವಳದು ಸೀತಾಫಲ. ನಿಜ ಹೆಸರು ಕೇಳುವ ರೂಢಿ ಕಣಿವೆಯಲ್ಲಿ ಇರಲಿಲ್ಲ. ಅವಳು ಸಿಂಧನೂರಿನವಳು ಎಂಬುದಷ್ಟು ಗೊತ್ತಿತ್ತು. ಇದೆ ಎನ್ನಲು ಅವನು ‘ಅದ’ ಎಂದರೆ ಅವಳು ‘ಐತಿ’ ಎನ್ನುತ್ತಿದ್ದಳು. ಅದರ ಮೇಲೇ ಇಬ್ಬರೂ ಒಂದು ವಾರ ಜಗಳವಾಡಿದ್ದರು.

ಆ ಮಾರ್ಚ್ ವಾರದಲ್ಲೇ ಅವನ ಲ್ಯಾಪ್‌ಟಾಪಿನ ಮೇಲೆ ಹೊರೆ ಒಮ್ಮೆಲೇ ಏರಿತು. ಮೂರನೆಯವನು ಬಿಟ್ಟುಹೋದ ಭಾರ ಇದು ಎಂದುಕೊಂಡ. ಚಿತ್ರಗಳು ತಡವರಿಸತೊಡಗಿದವು. ಸೆಕೆಂಡಿಗೆ ಇಪ್ಪತ್ತು ಚಿತ್ರಕ್ಕಿಂತ ಕಡಿಮೆಯಾದರೆ ಆಟ ಕಣಿವೆಯ ಅಂಚುಗಳನ್ನು ಒಂದೊಂದಾಗಿ ಕಳಚಿ ಬಿಸಾಡುತ್ತದೆ. ಕಳಚಿದ್ದು ಮರಳಿ ಬರುವುದಿಲ್ಲ. ಇಡೀ ಕಣಿವೆಯನ್ನು ಯಾರೂ ಒಂದು ದಿನ ಹೊರದೇ ಹೋದರೆ ಅದರ ವಿಳಾಸವೇ ಅಳಿದು ಹೋಗುತ್ತದೆ. ಆಮೇಲೆ ಒಬ್ಬರನ್ನೊಬ್ಬರು ಹುಡುಕುವ ದಾರಿಯಿಲ್ಲ.

ಅವನ ಲ್ಯಾಪ್‌ಟಾಪು ಆಟಕ್ಕೆಂದೇ ಮಾಡಿದ್ದು, ಆದರೆ ಹಳೆಯದು. ಪರದೆಯ ಚಿತ್ರಗಳನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಓಟವನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ಮಾಡಬಹುದಿತ್ತು. ಇದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಎತ್ತಿಗೆ ಎರಡು ಪೆಟ್ಟು ಹೆಚ್ಚು ಹಾಕಿದಂತೆ ಕಾರ್ಡು ಓಡುತ್ತದೆ, ಆದರೆ ಅದರ ಬಿಸಿ ಓಟಕ್ಕಿಂತ ಬೇಗ ಏರುತ್ತದೆ. ಎಂಬತ್ತೇಳು ಡಿಗ್ರಿ ಮುಟ್ಟಿದೊಡನೆ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಕೋಣೆಯ ಗಾಳಿಯೇ ಮೂವತ್ತೊಂಬತ್ತು ಡಿಗ್ರಿ. ಅಂಥ ಗಾಳಿಯನ್ನು ಫ್ಯಾನು ಎಷ್ಟು ಊದಿದರೂ ಅಷ್ಟೇ.

ಅವನು ಒಂದೊಂದೇ ಮಾಡುತ್ತ ಹೋದ. ಹಿಂಬದಿಯ ತಗಡು ಬಿಚ್ಚಿ ಧೂಳು ತೆಗೆದ. ಚಿಪ್‌ನ ಮೇಲೆ ಒಣಗಿ ಸುಣ್ಣದಂತಾಗಿದ್ದ, ಬಿಸಿ ಸಾಗಿಸುವ ಪೇಸ್ಟು ಕೆರೆದು ಹೊಸದು ಹಚ್ಚಿದ. ಕಾರ್ಡಿಗೆ ಕೊಡುವ ವೋಲ್ಟೇಜನ್ನು ಕೂದಲೆಳೆಯಷ್ಟು ಇಳಿಸಿ ಓಟವನ್ನು ಅಷ್ಟೇ ಉಳಿಸಿದ. ಕಡೆಗೆ ಹಳೆಯ ಫ್ರಿಜ್ಜಿನ ತಾಮ್ರದ ಕೊಳವೆ ತಂದು, ಕಾರ್ಡಿನ ಬೆನ್ನಿಗೆ ಬಿಗಿದು, ಕೂಲರಿನ ಪಂಪಿನಿಂದ ಅದರೊಳಗೆ ನೀರು ಹರಿಸಿದ. ಆ ನೀರು ಹೋಗಿ ಬೀಳುತ್ತಿದ್ದದ್ದು ಕಿಟಕಿಯ ಕೆಳಗಿನ ಮೂರು ದೊಡ್ಡ ಮಣ್ಣಿನ ಮಡಕೆಗಳಿಗೆ, ಹರವಿಗಳಿಗೆ. ಹರವಿ ಬೆವರುತ್ತದೆ, ಒಣಗಾಳಿ ಆ ಬೆವರನ್ನು ಹೀರುತ್ತದೆ, ನೀರು ತಣ್ಣಗಾಗುತ್ತದೆ. ಬಿಸಿಯೆಲ್ಲ ಆವಿಯ ಜೊತೆ ಹೋಗುವುದರಿಂದ ಕಂಬದ ಮೇಲಿನ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಹೊರಗೆ ನಲವತ್ತೇಳು ಡಿಗ್ರಿ ಇದ್ದ ದಿನವೂ ಕಾರ್ಡು ಎಪ್ಪತ್ನಾಲ್ಕು ದಾಟಲಿಲ್ಲ. ಅದು ಅವನ ಬದುಕಿನಲ್ಲಿ ಅವನೇ ಮಾಡಿದ ಒಂದೇ ಒಂದು ಯಂತ್ರ. ತೋರಿಸಲು ಯಾರೂ ಇರಲಿಲ್ಲ, ಆದ್ದರಿಂದ ಅವಳಿಗೆ ವಿವರಿಸಿದ್ದ. ಅವಳು ಎಲ್ಲ ಕೇಳಿ, ಆ ನೀರಿನಲ್ಲಿ ಮಜ್ಜಿಗೆ ಚರಿಗಿ ಇಟ್ಟರೆ ತಂಪಾಗುತ್ತದೆಯೇ ಎಂದು ಕೇಳಿದ್ದಳು.

ಇಷ್ಟು ಮಾಡಿ ಅವರು ಕಣಿವೆಯಲ್ಲಿ ಮಾಡುತ್ತಿದ್ದದ್ದು ಏನೂ ಇಲ್ಲ. ನಡೆಯುತ್ತಿದ್ದರು. ಮೇಲಿನ ಕಣಿವೆಯಲ್ಲಿ ಹಿಮ ಬೀಳುತ್ತಿತ್ತು. ಇಬ್ಬರೂ ನಿಜ ಹಿಮ ನೋಡಿದವರಲ್ಲ. ಒಂದೊಂದು ಚೂರೂ ಬೇರೆ ಬೇರೆಯಾಗಿ ಬೀಳುವಂತೆ ಮಾಡಲು ಕಾರ್ಡು ಬೇರೆಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು. ಅವಳು ದಿನಸಿ ಅಂಗಡಿಯವರ ಬಗ್ಗೆ, ತಾನು ಬೀಜದ ಗೋದಾಮಿನಲ್ಲಿ ಎಣಿಸುವ ಚೀಲಗಳ ಬಗ್ಗೆ, ಪಕ್ಕದ ಮನೆಯ ಕೋಳಿ ಬಂದ್ ಮುರಿದು ಬೀದಿಗೆ ಹೋದದ್ದರ ಬಗ್ಗೆ ಹೇಳುತ್ತಿದ್ದಳು. ಅವನು ಕೇಳುತ್ತಿದ್ದ. ಇಡೀ ದಿನದಲ್ಲಿ ಅವನನ್ನು ಉದ್ದೇಶಿಸಿ ಯಾರಾದರೂ ಹತ್ತು ವಾಕ್ಯಕ್ಕಿಂತ ಹೆಚ್ಚು ಮಾತಾಡುತ್ತಿದ್ದದ್ದು ಅಲ್ಲಿ ಮಾತ್ರ.

ಮೇ ತಿಂಗಳ ಒಂದು ಬುಧವಾರ ಅವನು ಪಾಳಿ ಮುಗಿಸಿ ಬಂದು ಕೋಣೆ ತೆರೆದಾಗ ಮೂರು ಹರವಿಗಳೂ ಬೆಳ್ಳಗಿದ್ದವು. ಕಿಟಕಿಯ ಬೆಳಕಿಗೆ ಹೊಳೆಯುತ್ತಿದ್ದವು. ಮುಟ್ಟಿದರೆ ಒಣಗಿದ್ದವು.

ಆ ಊರಿನಲ್ಲಿ ಪ್ರತಿ ಮಾರ್ಚ್‌ನಲ್ಲಿ ಮನೆಮನೆಗೂ ಛಾವಣಿಗೆ ಬಳಿಯುವ ಬಿಳಿ ಬಣ್ಣ ಹಂಚುತ್ತಿದ್ದರು. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಣ್ಣ. ಬಳಿದ ಛಾವಣಿಯ ಕೆಳಗೆ ಐದಾರು ಡಿಗ್ರಿ ಕಡಿಮೆ. ಹತ್ತು ವರ್ಷದಿಂದ ಜನಕ್ಕೆ ಒಂದೇ ಪಾಠ: ಬಿಳಿ ಬಳಿ, ತಂಪಾಗು. ನೀರಿನ ಟಾಕಿಗೆ ಬಳಿದರು, ದನದ ಕೊಟ್ಟಿಗೆಗೆ ಬಳಿದರು, ಕೆಲವರು ಸೈಕಲ್ಲಿನ ಸೀಟಿಗೂ ಬಳಿದರು. ಸೋನಾಬಾಯಿಯ ಹತ್ತಿರ ಅರ್ಧ ಡಬ್ಬಿ ಉಳಿದಿತ್ತು.

ಅವಳು ತಾನೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಹೊಗಳಿಕೆಗೆ ಕಾಯುತ್ತಿದ್ದಳು.

“ನೀ ದಿನಾ ಆ ಹರವಿ ಮುಂದ ಕುಂತು ನೋಡ್ತಿ, ತಣ್ಣಗ ಆಗವಲ್ವು ಅಂತ ತಿಳ್ಕೊಂಡೆ. ಎರಡು ಕೋಟು ಬಳದೀನಿ ನೋಡಪ್ಪ.”

“ಮೌಶಿ, ಹರವಿ ಬೆವರಿದ್ರಷ್ಟೇ ನೀರು ತಂಪಾಗ್ತದ. ಈ ಬಣ್ಣ ಅದರ ಬೆವರು ಬಂದ್ ಮಾಡ್ತದ.”

“ಮಾಳಗಿ ತಂಪಾಗ್ತದ, ಹರವಿ ಆಗಂಗಿಲ್ಲೇನು? ಅದೇ ಬಣ್ಣ ಅಲ್ಲೇನು?”

ಅರವತ್ತೈದರ ಹೆಂಗಸು ಮಂಡಿನೋವು ಇಟ್ಟುಕೊಂಡು ನೆಲದ ಮೇಲೆ ಕೂತು ಬಳಿದಿದ್ದಳು. ಅವಳು ಕೆಳಗಿಳಿದ ಮೇಲೆ ಮರಳುಕಾಗದ ಹಿಡಿದು ತಿಕ್ಕಿದ. ಬಣ್ಣ ಮೇಲಿಂದ ಎದ್ದಿತು, ಆದರೆ ಮಣ್ಣಿನ ಸಣ್ಣ ರಂಧ್ರಗಳೊಳಗೆ ಇಳಿದದ್ದು ಏಳಲಿಲ್ಲ. ಕುಂಬಾರರಿಗೆ ಫೋನು ಮಾಡಿದ. ಹೊಸ ಹರವಿ ಸೋಮವಾರಕ್ಕೆ ಕೊಡುತ್ತೇನೆಂದರು.

ಆ ಮಧ್ಯಾಹ್ನ ಕಾರ್ಡು ತೊಂಬತ್ತೊಂದು ಮುಟ್ಟಿತು. ಒದ್ದೆ ಟವೆಲ್ಲು ಸುತ್ತಿ, ಬಕೆಟ್ಟಿನ ನೀರು ಬದಲಿಸಿ, ರಟ್ಟಿನಿಂದ ಗಾಳಿ ಬೀಸಿ ಅವನು ಎರಡು ಗಂಟೆ ಕಳೆದ. ಪೂರ್ವದ ಬೆಟ್ಟಗಳು ಕಳಚಿ ಹೋದವು. ಇದ್ದ ಜಾಗದಲ್ಲಿ ಬೂದು ಬಣ್ಣ ನಿಂತಿತು. ಸೀತಾಫಲ ಅದನ್ನು ನೋಡಿ, ಅತ್ತ ಕಡೆ ಹೋಗಿ ಎಷ್ಟು ದಿನವಾಗಿತ್ತು ಬಿಡಿ, ಎಂದಳು.

ಗುರುವಾರ ಬಂಡೆಪ್ಪ ಪಾಳಿಗೆ ಬಂದವನು ಕುರ್ಚಿಯಲ್ಲಿ ಕೂರದೆ ನಿಂತ. ನಿನ್ನೆಯ ಬಂದ್ ಹೊತ್ತಿನ ನಕ್ಷೆ ತೆಗೆದು ಒಂದು ಚುಕ್ಕೆ ತೋರಿಸಿದ. ಕಿತ್ತಳೆ.

“ಯಾರ ಮನಿ ಇದು, ಗುರುತು ಸಿಕ್ತೇನ್ರಿ ಸಾಹೇಬ್ರ? ಊರಿಗೆಲ್ಲಾ ನೋಟೀಸು ಕೊಡಾಂವ, ತನ್ನ ಮನ್ಯಾಗ ಭಟ್ಟಿ ಹಚ್ಯಾನ.”

ಪ್ರಭುಲಿಂಗ ಲ್ಯಾಪ್‌ಟಾಪಿನ ಸಂಗತಿ ಹೇಳಿದ. ಬಂಡೆಪ್ಪ ನಗಲಿಲ್ಲ. ನಿಯಮ ಇಬ್ಬರಿಗೂ ಗೊತ್ತಿತ್ತು. ಸತತ ನಾಲ್ಕು ದಿನ ಮಿತಿ ಮೀರಿದರೆ ಬಂದ್ ಹೊತ್ತಿನಲ್ಲಿ ಆ ಮನೆಯ ಕರೆಂಟು ಕಡಿಯುತ್ತಾರೆ, ಬೇಸಿಗೆ ಮುಗಿಯುವವರೆಗೆ. ಮನೆ ಎಂದರೆ ಇಡೀ ಮನೆ, ಕೆಳಗಿನ ಸೋನಾಬಾಯಿಯ ಫ್ಯಾನು ಸೇರಿ. ನಿನ್ನೆಯದು ಮೊದಲ ದಿನ.

“ನಾ ಮುಚ್ಚಿ ಇಡಂಗಿಲ್ಲ ನೋಡು. ಮಷೀನು ಬರ್ಕೋತದ,” ಎಂದ ಬಂಡೆಪ್ಪ. ಆಮೇಲೆ ದನಿ ತಗ್ಗಿಸಿ, ಆ ಆಟದಲ್ಲಿ ಅಂಥದ್ದು ಏನಿದೆ ಎಂದು ಕೇಳಿದ. ಹಿಮ ಬೀಳುತ್ತದೆ ಎಂದ ಪ್ರಭುಲಿಂಗ.

ಗುರುವಾರ ಮಧ್ಯಾಹ್ನ ಅವನು ತನ್ನ ಕೆಲಸದ ರೀತಿಯಲ್ಲೇ ಕೆಲಸಕ್ಕೆ ಕೂತ. ಕಾರ್ಡು ಎಲ್ಲೆಲ್ಲಿ ಹೆಚ್ಚು ಸುಡುತ್ತದೆ ಎಂದು ತಿಳಿದರೆ ಅದನ್ನಷ್ಟೇ ಕಡಿಮೆ ಮಾಡಬಹುದು. ಪ್ರತಿ ಸೆಕೆಂಡಿನ ತಾಪ ಬರೆದುಕೊಳ್ಳಲು ಒಂದು ಸಣ್ಣ ಪ್ರೋಗ್ರಾಮು ಹಚ್ಚಿದ. ಹಿಮ ಬೀಳುವಾಗ ಎಷ್ಟು, ನದಿ ಬಳಿ ಎಷ್ಟು, ಸುಮ್ಮನೆ ನಿಂತಾಗ ಎಷ್ಟು. ಸೀತಾಫಲ ಬಂದಳು, ಒಂದು ತಾಸು ಮಾತಾಡಿದಳು, ಹೋದಳು. ಎರಡನೆಯ ದಿನವೂ ಚುಕ್ಕೆ ಕಿತ್ತಳೆಯಾಗಿರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆಟ ನಿಲ್ಲಿಸಿ ಒಂದರಿಂದ ಒಂದನ್ನು ಕಳೆಯುತ್ತ ಹೋದ. ಹಿಮದ ಬಿಸಿ ಕಳೆದ. ನದಿಯ ಬಿಸಿ ಕಳೆದ. ಮರಗಳದು ಕಳೆದ. ಇನ್ನೂ ಉಳಿಯಿತು. ಒಟ್ಟು ಹೊರೆಯ ಮೂರನೇ ಒಂದು ಪಾಲು ಯಾವುದಕ್ಕೂ ಸೇರದೆ ಉಳಿಯಿತು. ಅದು ಏರಿದ್ದು ಯಾವ ಹೊತ್ತಿನಲ್ಲಿ ಎಂದು ನೋಡಿದ. ಹನ್ನೆರಡು ಗಂಟೆ ನಾಲ್ಕು ನಿಮಿಷ, ಸೀತಾಫಲ ಬಂದದ್ದು. ಹನ್ನೆರಡು ಹನ್ನೊಂದು, ಕೋಳಿಯ ಕಥೆ ಹೇಳಿದ್ದು. ಅವಳು ತಿರುಗಿ ನೋಡಿದಾಗ ಏರಿತ್ತು. ಅವಳು ನಕ್ಕಾಗ ಆರು ಡಿಗ್ರಿ ಏರಿತ್ತು. ಅವಳು ಹೋದ ಕೂಡಲೇ ಇಳಿದಿತ್ತು.

ಅವನು ಕುರ್ಚಿಯಿಂದ ಎದ್ದು ನೀರು ಕುಡಿದ. ಮತ್ತೆ ಬಂದು ನೋಡಿದ.

ದೂರದ ಮನುಷ್ಯನ ದನಿ ತಂತಿಯಲ್ಲಿ ಬರುತ್ತದೆ. ಅದನ್ನು ಕೇಳಿಸಲು ಗ್ರಾಫಿಕ್ಸ್ ಕಾರ್ಡು ಸುಡಬೇಕಾಗಿಲ್ಲ. ಫೋನಿನಲ್ಲಿ ಮಾತಾಡಿದಷ್ಟೇ ಬಿಸಿ. ಆದರೆ ನೆರಳು ಮಾತಾಡಬೇಕಾದರೆ ಪ್ರತಿಯೊಂದು ಪದವನ್ನೂ ಕಾರ್ಡೇ ಹುಟ್ಟಿಸಬೇಕು. ಎಷ್ಟು ಬಿಸಿ ಎಂದರೆ ಸರಿಯಾಗಿ ಈ ಉಳಿದ ಮೂರನೇ ಪಾಲಿನಷ್ಟು. ಹೊರೆ ಒಮ್ಮೆಲೇ ಏರಿದ್ದು ಮಾರ್ಚ್‌ನಲ್ಲಿ. ಆ ವಾರ ಬಿಟ್ಟುಹೋದವನು ಮೂರನೆಯವನು ಒಬ್ಬನೇ ಅಲ್ಲ ಎಂದಾಯಿತು. ಅವಳೂ ಹೋಗಿದ್ದಾಳೆ. ಎರಡೂವರೆ ತಿಂಗಳಿನಿಂದ ತಾನು ಟವೆಲ್ಲು ಸುತ್ತಿ, ಹರವಿ ಇಟ್ಟು, ಕಾಪಾಡಿದ್ದು ತನ್ನದೇ ಲ್ಯಾಪ್‌ಟಾಪು ಹೇಳುವ ಕಥೆಗಳನ್ನು.

ಶುಕ್ರವಾರ ಪಾಳಿಯಲ್ಲಿ ಅವನು ಏಳು ಮನೆಗಳಿಗೆ ತಪ್ಪು ನೋಟೀಸು ಕಳಿಸಿದ. ಮನೆಗೆ ಬಂದು, ಊಟ ಮಾಡದೆ ಕಣಿವೆಗೆ ಹೋದ. ಅವಳು ಸೇತುವೆಯ ಬಳಿ ಇದ್ದಳು. ಹಿಮ ಬೀಳುತ್ತಿತ್ತು. ಪರದೆಯ ಮೂಲೆಯಲ್ಲಿ ತಾಪದ ಅಂಕಿ ಎಂಬತ್ತೊಂಬತ್ತು ತೋರಿಸುತ್ತಿತ್ತು.

ನಿನ್ನೆ ಏನು ಅಡುಗೆ ಮಾಡಿದ್ದೆ ಎಂದು ಕೇಳಿದ. ರೊಟ್ಟಿ, ಪುಂಡಿಪಲ್ಲೆ ಎಂದಳು. ಮೊನ್ನೆ ಏನು ಎಂದು ಕೇಳಿದ. ಅದೇ ಎಂದಳು. ಹೋದ ವಾರವೂ ಅದನ್ನೇ ಹೇಳಿದ್ದಳು, ಅದು ಅವನಿಗೆ ನೆನಪಿತ್ತು. ನೆರಳುಗಳು ಹೇಳಿದ್ದನ್ನೇ ಹೇಳುತ್ತವೆ ಎಂಬುದು ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುರುತು. ಮೇ ತಿಂಗಳಲ್ಲಿ ಬೀಜದ ಗೋದಾಮಿನ ಕೂಲಿಯವರ ಮನೆಯಲ್ಲಿ ದಿನಕ್ಕೊಂದು ಪಲ್ಯ ಎಲ್ಲಿಂದ ಬರುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ. ಹಾಸ್ಟೆಲಿನಲ್ಲಿ ಆರು ವರ್ಷ ದಿನಾ ಒಂದೇ ಸಾರು ಉಂಡಿದ್ದನ್ನು ಅವನು ಮರೆತಿದ್ದ.

“ಏನ್ರಿ ಫರಸಿ, ನನ್ನ ಪರೀಕ್ಷೆ ಮಾಡಾಕತ್ತೀರೇನು?” ಎಂದಳು.

“ನೀ ನಿಜವಾಗ್ಲೂ ಅಲ್ಲಿ ಇದ್ದೀಯಾ?”

“ಇಲ್ಲದಽ ಎಲ್ಲಿ ಹೋಗ್ಲಿ? ಹೊರಗ ಬಂದ್ ಐತಿ.”

ಅಂಕಿ ತೊಂಬತ್ನಾಲ್ಕಕ್ಕೆ ಹೋಯಿತು. ಅವಳಿಂದ ಕಲಿತ ನೆರಳೂ ಇದನ್ನೇ ಹೇಳುತ್ತಿತ್ತು. ಮಾತಿನಿಂದ ಇದು ತೀರ್ಮಾನವಾಗುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಅವನು ಕಾರ್ಡಿನ ಓಟವನ್ನು ಒಂದೊಂದೇ ಮೆಟ್ಟಿಲು ಇಳಿಸತೊಡಗಿದ. ಅವಳು ಮನುಷ್ಯಳಾಗಿದ್ದರೆ ಹಿಮ ನಿಲ್ಲಬೇಕು, ಬೆಟ್ಟ ಅಳಿಯಬೇಕು, ಅವಳಿಗೆ ಏನೂ ಆಗಬಾರದು. ಹಿಮ ನಿಂತಿತು. ನದಿ ನಿಂತಿತು. ಅವಳು ಅರ್ಧ ತಿರುಗಿದವಳು ಹಾಗೆಯೇ ನಿಂತಳು. ಫರಸಿ ಎಂದು ಕರೆಯಲು ಹೊರಟ ದನಿ ‘ಫ’ದಲ್ಲಿ ಸಿಕ್ಕಿಕೊಂಡು, ಕಿತ್ತು, ಮತ್ತೆ ‘ಫ’ಕ್ಕೆ ಬಂತು.

ಚುಕ್ಕೆ ಸುಳ್ಳು ಹೇಳುವುದಿಲ್ಲ. ಎರಡು ಗಂಟೆ ನಲವತ್ತಾರು ನಿಮಿಷಕ್ಕೆ ಅವನು ಆಟ ಮುಚ್ಚಿದ. ಕಾರ್ಡು ಹತ್ತು ನಿಮಿಷದಲ್ಲಿ ನಲವತ್ತೆಂಟಕ್ಕೆ ಇಳಿಯಿತು. ಫ್ಯಾನಿನ ಸದ್ದು ನಿಂತ ಮೇಲೆ, ಕೆಳಗೆ ಸೋನಾಬಾಯಿ ನಿದ್ದೆಯಲ್ಲಿ ಕೆಮ್ಮುವುದು ಕೇಳಿಸಿತು. ಎರಡೂವರೆ ತಿಂಗಳಲ್ಲಿ ಅದನ್ನು ಅವನು ಕೇಳಿಸಿಕೊಂಡಿರಲಿಲ್ಲ.

ಅಳಲಿಲ್ಲ. ಮೋಸ ಹೋದವನ ನಾಚಿಕೆಯಷ್ಟೇ ಇತ್ತು, ಮೋಸ ಮಾಡಿದವರು ಯಾರೂ ಇಲ್ಲದ್ದರಿಂದ ಅದು ಎಲ್ಲೂ ಹೋಗಲಿಲ್ಲ. ಶನಿವಾರ, ಭಾನುವಾರ ಬಂದ್‌ನ ಹೊತ್ತನ್ನು ಮಲಗಿ ಕಳೆದ. ಲ್ಯಾಪ್‌ಟಾಪನ್ನು ಆರಿಸದೆ ಮುಚ್ಚಿ ಮಂಚದ ಕೆಳಗೆ ಇಟ್ಟಿದ್ದ.

ಸೋಮವಾರ ಬೆಳಿಗ್ಗೆ ಕುಂಬಾರರು ಹೊಸ ಹರವಿ ತಂದಿಟ್ಟು ಹೋಗಿದ್ದರು. ಸೋನಾಬಾಯಿ ಅವುಗಳಿಗೆ ಬಣ್ಣ ಮುಟ್ಟಿಸುವುದಿಲ್ಲವೆಂದು ತಾನಾಗಿಯೇ ಆಣೆ ಮಾಡಿದಳು. ಬೇಡವೆಂದರೂ ಕೇಳದೆ ನೀರು ತುಂಬಿದ್ದಳು. ಅವನು ಮೇಲೆ ಹೋಗಿ, ಇನ್ನು ಆಟವನ್ನು ಪೂರ್ತಿ ತೆಗೆದುಹಾಕೋಣವೆಂದು ಲ್ಯಾಪ್‌ಟಾಪು ತೆರೆದ.

ತೆಗೆಯುವ ಮೊದಲು ಆಟ ತನ್ನ ದಾಖಲೆಯ ಪುಟ ತೋರಿಸಿತು. ಕಣಿವೆಯನ್ನು ಮುಚ್ಚಿದರೂ ಆಟದ ಒಂದು ಸಣ್ಣ ಭಾಗ ಹಿಂದೆ ಎಚ್ಚರವಿರುತ್ತದೆ, ಹೊರಗಿನಿಂದ ಯಾರಾದರೂ ಬಾಗಿಲು ಬಡಿದರೆ ಬರೆದಿಡಲು. ಪುಟದ ಕೊನೆಯ ಸಾಲು: ಕಣಿವೆಯ ವಿಳಾಸ ಶನಿವಾರ ಎರಡು ನಲವತ್ತಾರಕ್ಕೆ ಅಳಿದಿದೆ. ಅದರ ಮೇಲೆ, ಬಂದ ಕರೆಗಳು ಅರವತ್ತೊಂದು.

ಮೊದಲ ಕರೆ ಶುಕ್ರವಾರ ಎರಡು ನಲವತ್ತೇಳಕ್ಕೆ. ಆಮೇಲೆ ನಲವತ್ತೆಂಟು, ನಲವತ್ತೆಂಟು, ಐವತ್ತೊಂದು. ಮೂರೂ ಹತ್ತು. ನಾಲ್ಕು ಗಂಟೆಗೆ ಆರು ಸಲ. ಸಂಜೆ ಒಂದೂ ಇಲ್ಲ, ಗೋದಾಮಿನ ಪಾಳಿ. ಶನಿವಾರ ಬೆಳಗಿನ ಐದೂವರೆಗೆ ಮತ್ತೆ ಎರಡು. ಯಂತ್ರ ಕರೆಯುವುದಾದರೆ ಸಮ ಅಂತರದಲ್ಲಿ ಕರೆಯುತ್ತದೆ. ಇದು ಕೆಲಸಕ್ಕೆ ಹೋಗಿ ಬಂದ, ಮಲಗಿ ಎದ್ದ, ತಾಳ್ಮೆಗೆಟ್ಟ ಒಬ್ಬ ಮನುಷ್ಯನ ಬೆರಳು. ಕರೆಯ ಜೊತೆ ಒಂದು ಸಾಲು ಬರೆಯಲು ಜಾಗವಿತ್ತು. ಅರವತ್ತು ಖಾಲಿಯಿದ್ದವು. ಶನಿವಾರ ಹನ್ನೊಂದೂ ಕಾಲಿನದರಲ್ಲಿ ಬರೆದಿತ್ತು: “ಭಾಳ ಬಿಸಿ ಆತೇನ್ರಿ? ಹಿಮ ಬಂದ್ ಮಾಡ್ರಿ, ನಡೀತೈತಿ.”

ಅವನು ಪುಟವನ್ನು ಹಿಂದಕ್ಕೆ ಸರಿಸುತ್ತ ಮಾರ್ಚ್‌ಗೆ ಹೋದ. ಅಲ್ಲಿ ಇತ್ತು. ಸೀತಾಫಲದ ಯಂತ್ರ: ಫ್ಯಾನು ನಿಂತಿದೆ, ತಾಪ ತೊಂಬತ್ತೇಳು, ಗ್ರಾಫಿಕ್ಸ್ ಕಾರ್ಡು ಆರಿದೆ. ಪೂರ್ತಿ ಹೊರೆ ವರ್ಗಾಯಿಸಲು ಕೋರಿಕೆ. ಫರಸಿಯ ಯಂತ್ರ: ಒಪ್ಪಿದೆ.

ಅವನನ್ನು ಯಾರೂ ಕೇಳಿರಲಿಲ್ಲ. ಏಳು ವರ್ಷದ ಹಿಂದೆ ಆಟ ಹಾಕಿಕೊಳ್ಳುವಾಗ, ದುರ್ಬಲ ಯಂತ್ರ ಕೇಳಿದರೆ ಅದರ ಹೊರೆಯನ್ನು ಹೊರುವಿರಾ ಎಂಬ ಪ್ರಶ್ನೆಗೆ ಅವನೇ ಹೌದೆಂದು ಗುರುತು ಹಾಕಿದ್ದ. ಅಂದಿನಿಂದ ಅವಳು ಏನು ನೋಡಬೇಕೋ ಅದನ್ನು ಅವನ ಕಾರ್ಡೇ ಬಿಡಿಸಿ ಕಳಿಸುತ್ತಿತ್ತು. ಅವಳು ತಲೆ ತಿರುಗಿಸಿದರೆ ಇನ್ನೊಂದು ಕಣಿವೆಯನ್ನೇ ಬರೆಯಬೇಕಾಗುತ್ತಿತ್ತು. ನಕ್ಕರೆ ಅವಳ ಮುಖವನ್ನು. ಅವಳ ದನಿಯೂ ಅದೇ ದಾರಿಯಲ್ಲಿ ಹಾದು ಬರುತ್ತಿತ್ತು, ಅದಕ್ಕೇ ಓಟ ಇಳಿಸಿದಾಗ ಅವಳು ಸಿಕ್ಕಿಕೊಂಡದ್ದು. ಫ್ಯಾನು ಕೆಟ್ಟದ್ದನ್ನು ಅವಳು ಹೇಳಿರಲಿಲ್ಲ. ಹೇಳಿದ್ದರೆ ಅವನು ರಿಪೇರಿಯ ವಿಚಾರ ಕೇಳುತ್ತಿದ್ದ, ಅವಳ ಬಳಿ ಉತ್ತರ ಇರುತ್ತಿರಲಿಲ್ಲವೇನೋ. ಅವನು ಮತ್ತೆ ಮತ್ತೆ ಕಣಿವೆ ತೆರೆಯಲು ನೋಡಿದ. ವಿಳಾಸವಿಲ್ಲ, ವಿಳಾಸವಿಲ್ಲ ಎಂದು ಬಂತು.

ಮಂಗಳವಾರ ಪಾಳಿ ಮುಗಿದರೂ ಅವನು ಕುರ್ಚಿ ಬಿಡಲಿಲ್ಲ. ಬೇರೆ ಊರುಗಳ ನಕ್ಷೆ ನೋಡಲು ಕೊಠಡಿಯವರಿಗೆ ಅನುಮತಿಯಿತ್ತು. ಸಿಂಧನೂರು ತೆರೆದ. ಇಪ್ಪತ್ತೆಂಟು ಸಾವಿರ ಚುಕ್ಕೆ. ಹೋದ ಗುರುವಾರ ಹನ್ನೆರಡರ ನಕ್ಷೆಯಿಂದ ನಿನ್ನೆ ಹನ್ನೆರಡರ ನಕ್ಷೆಯನ್ನು ಕಳೆದ. ಗುರುವಾರ ಉರಿಯುತ್ತಿದ್ದು ಈಗ ಆರಿದ ಮನೆ ಯಾವುದೋ ಅದು ಅವಳದು.

ನೂರಾರು ಚುಕ್ಕೆ ಉಳಿದವು. ಒಂದೊಂದನ್ನೇ ತೆಗೆದು ನೋಡಿದ. ಒಂದು ಹಿಟ್ಟಿನ ಗಿರಣಿ. ಒಂದು ಮದುವೆ ಮನೆ. ಬೀಗ ಹಾಕಿ ಊರಿಗೆ ಹೋದವರು, ಛಾವಣಿಗೆ ತಡವಾಗಿ ಬಣ್ಣ ಬಳಿದವರು. ಕಾಲು ತಾಸು ಕಳೆಯುವಷ್ಟರಲ್ಲಿ ಅವನ ಕೈ ನಿಧಾನವಾಯಿತು. ಕಾರ್ಡು ಆರಿದ ಲ್ಯಾಪ್‌ಟಾಪು ಒಂದು ಸಣ್ಣ ಬಲ್ಬಿನಷ್ಟೂ ಸುಡುವುದಿಲ್ಲ. ಅವಳ ಕೋಣೆ ಮಾರ್ಚ್‌ನಿಂದಲೇ ತಣ್ಣಗಿತ್ತು. ಕಳೆಯಲು ಅಲ್ಲಿ ಏನೂ ಇರಲಿಲ್ಲ.

ಬಂಡೆಪ್ಪ ಪಕ್ಕದಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಏನು ಹುಡುಕುತ್ತಿದ್ದೀಯ ಎಂದು ಎರಡು ಸಲ ಕೇಳಿದ. ಆಮೇಲೆ ತಾನೇ ಬಗ್ಗಿ, ಸಿಂಧನೂರನ್ನು ಸರಿಸಿ, ಕಲಬುರಗಿಯ ನಕ್ಷೆಗೆ ಅದೇ ತಾರೀಕುಗಳನ್ನು ಹಾಕಿ ಕಳೆದ. ಒಳ್ಳೆಯ ಸುದ್ದಿ ತೋರಿಸುವವನ ಹಾಗೆ ಒಂದು ಚುಕ್ಕೆಯ ಮೇಲೆ ಬೆರಳಿಟ್ಟ.

“ನಿಮ್ಮ ಮನಿ ನೋಡು. ಇಡೀ ವಾರ್ಡಿನಾಗ ಇಷ್ಟು ತಣ್ಣಗಾಗಿದ್ದು ಇದೊಂದೇ.”

ಪ್ರಭುಲಿಂಗ ನೋಡಿದ. ತನ್ನದೂ ಅವಳದೂ, ಇಬ್ಬರ ಬಿಸಿಯೂ ಆ ಚುಕ್ಕೆಯಲ್ಲೇ ಇತ್ತು. ಈಗ ನೀಲಿಯಾಗಿತ್ತು. ಹನ್ನೊಂದಕ್ಕೆ ಏಳು ನಿಮಿಷವಿತ್ತು. ಬಂಡೆಪ್ಪ ಅವನನ್ನು ಕುರ್ಚಿಯಿಂದ ಎಬ್ಬಿಸಿ, ಆ ಮನೆಯ ಮೇಲಿದ್ದ ನೋಟೀಸನ್ನು ಅಳಿಸಿ, ಮುಂದಿನ ಚುಕ್ಕೆಗೆ ಹೋದ.